ಬಾರದಾನ ಕಳೆದು ಎಷ್ಟು?

ಹುಮನಾಬಾದ
೫ ನವೆಂಬರ್ ೨೦೨೪

ಲಲಿತಕ್ಕನಿಗೆ ತಂಗಿ ಜಗದೇವಿಯ ನಮಸ್ಕಾರ.

ಮನೆಯಲ್ಲಿ ಫೋನ್ ಇಟ್ಟುಕೊಂಡು ಇವಳ್ಯಾಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ನಿಮ್ಮನೆ ಫೋನ್ ಬಸವಣಪ್ಪ ಭಾವನವರ ಕೈಯಲ್ಲಿರುತ್ತದೆ, ಎತ್ತಿದ ಕೂಡಲೇ ಅವರು ಸ್ಪೀಕರ್ ಹಾಕುತ್ತಾರೆ. ನಾನು ಹೇಳಬೇಕಾದದ್ದು ನನ್ನ ತೂಕ. ಅದನ್ನು ಇಡೀ ಬಸವಕಲ್ಯಾಣ ಕೇಳುವುದು ಬೇಡ. ಬಳೆ ಮಾರುವ ಗಯಾಬಾಯಿ ಹೇಗಿದ್ದರೂ ವಾರಕ್ಕೊಮ್ಮೆ ನಿಮ್ಮೂರಿಂದ ಇಲ್ಲಿಗೆ ಬರುತ್ತಾಳೆ, ಅವಳ ಬುಟ್ಟಿಯಲ್ಲಿ ಹಾಕಿ ಕಳಿಸುತ್ತೇನೆ.

ಮೊಣಕಾಲು ತೋರಿಸಲು ಕಲಬುರಗಿಗೆ ಹೋಗಿದ್ದೆವು. ಆಪರೇಶನ್ ಮಾಡಲೇಬೇಕಂತೆ. ಆದರೆ ಡಾಕ್ಟರು, "ಎಂಬತ್ತು ಕಿಲೋ ಒಳಗ ಬರ್ರಿ, ಆಮ್ಯಾಲ ಚಾಕು ಹಿಡಿತೇನಿ" ಎಂದರು. ಹದಿನೈದು ದಿನಕ್ಕೊಮ್ಮೆಯಾದರೂ ಒಂದೇ ಹೊತ್ತಿಗೆ, ಒಂದೇ ಕಾಟಾದ ಮೇಲೆ ತೂಕ ನೋಡಿ ಬರೆದಿಟ್ಟುಕೊಳ್ಳಬೇಕಂತೆ. ನಮಗೆ ಕಾಟಾಕ್ಕೇನು ಬರ? ನಮ್ಮ ಅಡತ್ ಅಂಗಡಿಯಲ್ಲಿ ರೈತರ ಸೋಯಾ, ತೊಗರಿ ಚೀಲ ತೂಗುವ ಕಾಟಾ ಇದೆಯಲ್ಲ, ನಿನ್ನೆ ಸೋಮವಾರ ಬೆಳಿಗ್ಗೆ ಮಾಲು ಬರುವ ಮೊದಲೇ ಅದರ ಮೇಲೆ ನಿಂತೆ. ತೂಕ ಮಾಡುವ ಹುಸೇನ ನೋಡಿ ಹೇಳಿದ: ತೊಂಬತ್ತೊಂದು. ಚೀಲವಾಗಿದ್ದರೆ ಇಬ್ಬರು ಹಮಾಲರು ಬೇಕಾಗುತ್ತಿತ್ತು.

ಅಕ್ಕಾ, ನಗುತ್ತಾ ಬರೆದಿದ್ದೇನೆ, ಆದರೆ ನಗು ಬರುತ್ತಿಲ್ಲ. ಎರಡು ವರ್ಷದಿಂದ ನೆಲದ ಮೇಲೆ ಕೂತು ಉಂಡಿಲ್ಲ. ಸ್ನಾನಕ್ಕೂ ಸೊಸೆ ಸ್ನೇಹಲ್ ಕೈ ಹಿಡಿಯಬೇಕು. ನನಗೆ ನಡೆಯಬೇಕು, ಅಷ್ಟೇ. ಪ್ರತಿ ಸಲದ ತೂಕ ನಿನಗೆ ಬರೆಯುತ್ತೇನೆ. ಇಳಿದರೆ ಶಭಾಸ್ ಅನ್ನು, ಏರಿದರೆ ಬೈ. ನಿನ್ನ ಬೈಗುಳಕ್ಕೆ ಮಾತ್ರ ನಾನು ಹೆದರುವುದು.

ನಿನ್ನ ಜಗು


ಬಸವಕಲ್ಯಾಣ
೧೪ ನವೆಂಬರ್ ೨೦೨೪

ಚಿರಂಜೀವಿ ಜಗುಗೆ ಆಶೀರ್ವಾದ.

ಕಾಗದ ಮುಟ್ಟಿತು. ತೊಂಬತ್ತೊಂದು ಎಂದು ಬರೆದಿದ್ದೀಯಲ್ಲ, ಅದು ಖರೆಯೇನು? ಹುಸೇನ ಸರಿಯಾಗಿ ನೋಡಿದನೇನು? ಹೋದ ವರ್ಷ ಡೆಂಗಿ ಜ್ವರದಲ್ಲಿ ಹನ್ನೊಂದು ದಿನ ಬೀದರಿನ ಆಸ್ಪತ್ರೆಯಲ್ಲಿ ಮಲಗಿದ್ದೆಯಲ್ಲ, ಆಗಲೂ ಇಷ್ಟೇ ಇದ್ದೆಯೋ ಹೇಗೆ? ನೆನಪಿದ್ದರೆ ಬರೆ.

ತೂಕ ಇಳಿಸುವ ಅವಸರ ಏನಿದೆ? ನಮ್ಮವ್ವ ನಿನಗಿಂತ ದಪ್ಪ ಇದ್ದಳು. ನಮ್ಮ ತವರೂರು ಕೊಹಿನೂರಿನ ಹೊಲಕ್ಕೆ ದಿನಾ ಬುತ್ತಿ ಹೊತ್ತು ನಡೆಯುತ್ತಿರಲಿಲ್ಲವೇ? ಒಂದೆರಡು ತಿಂಗಳು ತಡೆದು ಶುರು ಮಾಡು. ನನ್ನ ಒಂದು ಕೆಲಸ ಬಾಕಿ ಇದೆ, ಅದು ಮುಗಿಯಲಿ.

ಗಯಾಬಾಯಿ ಕೈಯಲ್ಲಿ ಇಪ್ಪತ್ತು ಶೇಂಗಾ ಹೋಳಿಗೆ ಕಳಿಸಿದ್ದೇನೆ. ತುಪ್ಪ ಹಚ್ಚಿಕೊಂಡು ತಿನ್ನು.

ಇಲ್ಲಿ ಎಲ್ಲ ಆರಾಮ. ನಿನ್ನ ಭಾವನವರು ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆ, ಆಮೇಲೆ ವಚನ ಓದುವುದು, ಅದರಲ್ಲಿ ಏನೂ ಬದಲಿಲ್ಲ. ಪಕ್ಕದ ಮನೆಯವಳು ಹರಕೆ ತೀರಿಸಲು ಗುಡಿಗೆ ಹೊರಟರೆ ಕಟ್ಟೆಯ ಮೇಲೆ ನಿಲ್ಲಿಸಿಕೊಂಡು, "ದೇವರೇನು ಅಡತಿ ವ್ಯಾಪಾರಿ ಏನವಾ? ಕೊಡು-ತಗೋ ಮಾಡಾಕ?" ಎಂದು ಅರ್ಧ ತಾಸು ಹೇಳಿದರು. ಅವಳು ಅಳುತ್ತಾ ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ.

ಲಲಿತಾ


ಹುಮನಾಬಾದ
೧೯ ನವೆಂಬರ್ ೨೦೨೪

ಅಕ್ಕಾ,

ಎಂಬತ್ತೆಂಟು. ಹದಿನೈದೇ ದಿನಕ್ಕೆ ಮೂರು ಕಿಲೋ. ಮಾಡಿದ್ದೇನು ಎಂದರೆ ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ಸಂಜೆಗೆ ಹೆಸರುಬೇಳೆ, ಚಹಾಕ್ಕೆ ಸಕ್ಕರೆ ಬಂದ್. ಹುಸೇನ ಕೂಗಿ ಹೇಳಿದ್ದಕ್ಕೆ ಅಂಗಡಿಯ ಹಮಾಲರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು ಗಾದಿಯ ಮೇಲೆ ಕೂತು ಮೀಸೆಯಲ್ಲೇ ನಕ್ಕರು.

ಹೋಳಿಗೆ ಮುಟ್ಟಿದವು. ಆದರೆ ಬಾಯಿಗಲ್ಲ, ಹಮಾಲರಿಗೆ. ಒಂದನ್ನು ಮೂಸಿ ನೋಡಿ ಕೊಟ್ಟೆ. ಬೈ ಎಂದರೆ ನೀನು ಹೋಳಿಗೆ ಕಳಿಸುತ್ತೀಯಲ್ಲ, ಇದ್ಯಾವ ಸೀಮೆ ಅಕ್ಕ? ಹೋದ ವರ್ಷದ ತೂಕ ಯಾರಿಗೆ ಗೊತ್ತು? ಆಗ ಪ್ಲೇಟಲೆಟ್ ಎಣಿಸುತ್ತಿದ್ದರೇ ಹೊರತು ಯಾರು ನನ್ನನ್ನು ತೂಗಿದರು? ಮತ್ತೆ ಆ ಬಾಕಿ ಇರುವ ನಿನ್ನ ಕೆಲಸ ಯಾವುದು? ಅದಕ್ಕೂ ನನ್ನ ತೂಕಕ್ಕೂ ಏನು ಸಂಬಂಧ? ನನಗೊಂದೂ ತಿಳಿಯುತ್ತಿಲ್ಲ.

ಜಗು


ಬಸವಕಲ್ಯಾಣ
೨೧ ನವೆಂಬರ್ ೨೦೨೪

ಜಗು,

ಹದಿನೈದು ದಿನಕ್ಕೆ ಮೂರು ಕಿಲೋ ಯಾರಿಗೂ ಇಳಿಯುವುದಿಲ್ಲ. ಜ್ವರ ಬರುತ್ತದೆಯೇ? ಸಂಜೆ ಮೈ ಬಿಸಿ ಇರುತ್ತದೆಯೇ? ನನ್ನಾಣೆ, ಮುಚ್ಚಿಡಬೇಡ.

ತೂಕ ನೋಡುವುದನ್ನು ಇವತ್ತೇ ನಿಲ್ಲಿಸು. ನೋಡಿದರೂ ನನಗೆ ಬರೆಯಬೇಡ. ಒಂದು ಡಬ್ಬಿ ತುಪ್ಪ ಕಳಿಸಿದ್ದೇನೆ, ಇದನ್ನು ಹಮಾಲರಿಗೆ ಕೊಟ್ಟರೆ ನೋಡು. ಎಳ್ಳ ಅಮಾವಾಸ್ಯೆಗೆ ಕೊಹಿನೂರಿನ ಹೊಲಕ್ಕೆ ತಪ್ಪದೆ ಬಾ. ನಿನ್ನನ್ನು ಕಣ್ಣಿಂದ ನೋಡಿದ ಮೇಲೇ ನನಗೆ ನಿದ್ದೆ.

ಲಲಿತಾ


ಹುಮನಾಬಾದ
೨ ಜನವರಿ ೨೦೨೫

ಅಕ್ಕಾ,

ಈ ಕಾಗದ ಬರೆಯಬಾರದೆಂದು ಎರಡು ದಿನ ತಡೆದೆ. ಆಗಲಿಲ್ಲ.

ಅಮಾವಾಸ್ಯೆಯ ದಿನ ಹೊಲದಲ್ಲಿ ನೀನು ಮಾಡಿದ್ದೇನು? ಎಲ್ಲರೂ ಭೂತಾಯಿಗೆ ಚರಗ ಚೆಲ್ಲಿ ಊಟಕ್ಕೆ ಕೂತರೆ, ನೀನು ನನ್ನ ಕುರ್ಚಿಯ ಹತ್ತಿರ ನಿಂತು ನನ್ನ ಬಳೆ ಹಿಂದೆ ಮುಂದೆ ಸರಿಸಿ ನೋಡಿದೆ, ಸಡಿಲಾಗಿವೆ ಎಂದು ಕಣ್ಣೀರು ಹಾಕಿದೆ. ಭಜ್ಜಿ ಬಡಿಸಿದೆ, ಕಡಬು ಬಡಿಸಿದೆ, ಸಾಕು ಎಂದರೆ ಕೈ ಸರಿಸಿ ಮತ್ತೆ ಬಡಿಸಿದೆ. "ಉಣ್ಣವಾ, ನನ್ನ ಸಲುವಾಗಿ ಉಣ್ಣು" ಎಂದು ಎಲ್ಲರೆದುರು ಬೇಡಿಕೊಂಡೆ. ನಾನು ಉಂಡೆ. ಎಂಬತ್ತೈದಕ್ಕೆ ಬಂದಿದ್ದೆ, ಮರುದಿನ ನೋಡಿದರೆ ಎಂಬತ್ತಾರು.

ಗಯಾಬಾಯಿ ಎಲ್ಲ ಹೇಳಿದ್ದಾಳೆ. ಪ್ರತಿವಾರ ಅವಳನ್ನು ಹಿಡಿದು, "ಇನ್ನೂ ಸೊರಗ್ಯಾಳೇನು, ಮುಖ ಹ್ಯಾಂಗದ" ಎಂದು ಕೇಳುತ್ತೀಯಂತೆ. ನನ್ನ ತೂಕ ಇಳಿದರೆ ನಿನಗೇನು ನೋವು? ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಸಣ್ಣಂದಿನಿಂದ ನೀನು ನನ್ನ ಕೈ ಹಿಡಿದು ನಡೆಸಿದವಳು. ನಾನು ಹಾವಿಗೆ ಹೆದರಿದಾಗಲೂ ನೀನೇ, ಶಾಲೆಗೆ ಕರೆದೊಯ್ಯಲೂ ನೀನೇ. ನಾನು ನನ್ನ ಕಾಲ ಮೇಲೆ ನಡೆದರೆ ನಿನಗೆ ಹಿಡಿಯಲು ಕೈ ಇರುವುದಿಲ್ಲ ಎಂದೇನು? ಬೇರೆ ಯಾವ ಕಾರಣವೂ ನನಗೆ ಹೊಳೆಯುತ್ತಿಲ್ಲ. ಇದ್ದರೆ ಹೇಳು. ಇಲ್ಲದಿದ್ದರೆ ಕಾಗದವೂ ಬೇಡ, ತುಪ್ಪವೂ ಬೇಡ.

ಜಗದೇವಿ


ಹುಮನಾಬಾದ
೪ ಫೆಬ್ರುವರಿ ೨೦೨೫

ಅಕ್ಕಾ,

ನಾಲ್ಕು ಸಲ ಗಯಾಬಾಯಿ ಬರಿಗೈಲಿ ಬಂದಳು. ಬೇಡ ಎಂದವಳು ನಾನೇ, ಆದರೂ ಅವಳ ಬುಟ್ಟಿಯನ್ನು ನಾನೇ ಬಗ್ಗಿ ನೋಡಿದೆ. ಹಠದಲ್ಲಿ ನೀನು ನನ್ನ ಅಕ್ಕನೇ.

ನಿನ್ನೆ ದೊಡ್ಡ ಫಜೀತಿ ಆಯಿತು. ಬೆಳಿಗ್ಗೆ ನಮ್ಮ ಕಾಟಾದಲ್ಲಿ ಎಂಬತ್ತೆರಡು. ಖುಷಿಯಲ್ಲಿ ಅದೇ ಸೀರೆಯಲ್ಲಿ ಕಲಬುರಗಿಗೆ ಹೋದೆ. ಅಲ್ಲಿ ತೂಗಿದರೆ ಎಂಬತ್ತನಾಲ್ಕು. ಮೂರು ಸಲ ಹತ್ತಿ ಇಳಿದೆ, ಮೂರು ಸಲವೂ ಅಷ್ಟೇ. ನರ್ಸು, "ಮಷಿನ್ ಬರೋಬ್ಬರಿ ಅದ್ರಿ, ಮುಂದಿನ್ ಪೇಶಂಟ್ ಬರ್ರಿ" ಎಂದಳು. ನಮ್ಮ ಕಾಟಾ ಸುಳ್ಳೆಂದರೆ ರೈತರು ನಮ್ಮನ್ನು ಬಿಡುತ್ತಾರೆಯೇ? ನಮ್ಮ ಮನೆಯವರು ಅಂಗಡಿಗೆ ಬಂದು ಹುಸೇನನನ್ನು ಕರೆದು ಕೇಳಿದರು.

ಅವನು ತಲೆ ಕೆರೆಯುತ್ತಾ ನಿಂತ. "ವೈನಿ, ಮೊದಲನೇ ಸರ್ತಿ ನಾ ಮರೆತಿದ್ದೆ. ಎರಡನೇ ಸರ್ತಿಯಿಂದ ಬಾರದಾನ ಕಳದೇ ಹೇಳಾಕತ್ತೀನ್ರಿ" ಎಂದ. ಚೀಲ ತೂಗುವಾಗ ಖಾಲಿ ಗೋಣಿಯ ತೂಕ ಕಳೆದು ಮಾಲಿನ ತೂಕ ಬರೆಯುತ್ತಾರಲ್ಲ, ಅದೇ ಬಾರದಾನ. "ಸೀರಿ, ಬಳಿ, ಶಾಲು ಎಲ್ಲಾ ಬಾರದಾನ ಅಲ್ಲೇನ್ರಿ? ಎರಡು ಕಿಲೋ ಹಿಡಿದೆ. ನಿಮ್ಮದು ಮಾಲಷ್ಟೇ ತೂಗಬೇಕಲ್ರಿ" ಎಂದ. ಪಾಪ, ಅವನ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಅವನು ಮಾಡಿದ್ದು ಅದನ್ನೇ.

ಅಂದರೆ ಆವತ್ತು ನಾನು ಕುಣಿದಾಡಿದ ಮೂರು ಕಿಲೋದಲ್ಲಿ ಇಳಿದದ್ದು ಒಂದೇ, ಉಳಿದ ಎರಡು ಸೀರೆ-ಬಳೆ. ಸ್ನೇಹಲ್ ಎದುರು ಅಳಬಾರದೆಂದು ಬಚ್ಚಲಿಗೆ ಹೋಗಿ ಅತ್ತೆ. ನೀನು ಬೈದರೂ ಸರಿ, ಏನಾದರೂ ಬರೆ.

ಜಗು


ಬಸವಕಲ್ಯಾಣ
೬ ಫೆಬ್ರುವರಿ ೨೦೨೫

ನನ್ನ ಜಗು,

ನಿನ್ನ ಕಾಗದವನ್ನು ದೇವರ ಕೋಣೆಯಲ್ಲಿ ಕೂತು ಮೂರು ಸಲ ಓದಿದೆ. ಎರಡು ಕಿಲೋ ಸೀರೆ-ಬಳೆಯದ್ದೇ? ಖರೆಯೇ? ನೀನು ಅತ್ತ ಸುದ್ದಿಗೆ ನಾನು ನಗುತ್ತಾ ಕೂತೆ. ಈಗ ಎಲ್ಲವನ್ನೂ ಹೇಳಿಬಿಡುತ್ತೇನೆ.

ನೀನು ಬೀದರಿನಲ್ಲಿ ಮಲಗಿದ್ದಾಗ ಒಂಬತ್ತನೇ ದಿನ ಡಾಕ್ಟರು ನಿನ್ನ ಗಂಡ ಧನರಾಜರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅವರು ಗೋಡೆ ಹಿಡಿದು ಕೂತದ್ದನ್ನು ನಾನು ನೋಡಿದೆ. ಅಲ್ಲೇ ವರಾಂಡದಲ್ಲಿ ನಿಂತು ಕೊಹಿನೂರಿನ ನಮ್ಮ ಹಣಮಪ್ಪ ದೇವರಿಗೆ ಹೇಳಿಕೊಂಡೆ: "ನನ್ನ ತಂಗಿ ಎದ್ದು ಮನೀಗಿ ಬರಲಿ, ಅಕಿ ತೂಕದಷ್ಟು ಬೆಲ್ಲ ನಿನ್ನ ಮುಂದ ತೂಗಿಸ್ತೀನಿ." ಎರಡನೇ ದಿನಕ್ಕೆ ನೀನು ಎದ್ದು ಕೂತೆ.

ಆದರೆ ಮನೆಗೆ ಬಂದ ಮೇಲೆ ಹೇಗೆ ಹೇಳಲಿ? ಕೊರಳಲ್ಲಿ ಇಷ್ಟಲಿಂಗ ಇಟ್ಟುಕೊಂಡು ಗುಡಿಗೆ ಹರಕೆ ಹೊತ್ತಿದ್ದೇನೆ ಎಂದರೆ ನಿನ್ನ ಭಾವನವರು ಏನೆಂದಾರು? ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ವರ್ಷ ಕಳೆಯಿತು. ಅಷ್ಟರಲ್ಲಿ ನೀನು ಇಳಿಯತೊಡಗಿದೆ. ಅವ್ವ ಹೇಳುತ್ತಿದ್ದಳಲ್ಲ, ಹರಕೆ ಬಾಕಿ ಇಟ್ಟರೆ ದೇವರು ತನ್ನ ಪಾಲು ತಾನೇ ತಗೊಳ್ಳುತ್ತಾನೆ ಎಂದು. ಹದಿನೈದು ದಿನಕ್ಕೆ ಮೂರು ಕಿಲೋ ಎಂದು ನೀನು ಬರೆದಾಗ ದೇವರ ಕೋಣೆಗೆ ಓಡಿದೆ. ತಗೊಳ್ಳಲು ಶುರು ಮಾಡಿದ, ನಿನ್ನ ಮೈಯಿಂದಲೇ ತಗೊಳ್ಳುತ್ತಿದ್ದಾನೆ ಎಂದೇ ತಿಳಿದೆ. ಅದಕ್ಕೇ ಹೋಳಿಗೆ, ಅದಕ್ಕೇ ತುಪ್ಪ. ನೀನು ನಡೆಯುವುದು ನನಗೆ ಬೇಡವೆಂದು ಬರೆದೆಯಲ್ಲ, ಅದನ್ನು ಓದಿ ಎರಡು ದಿನ ಉಣ್ಣಲಿಲ್ಲ. ಕಾರಣ ಬರೆಯಲು ಕೂತರೆ ಕೈ ಏಳಲಿಲ್ಲ.

ಈಗಲೂ ನನ್ನ ತಲೆ ಗಿರ್ ಎನ್ನುತ್ತದೆ. ಯಾವ ತೂಕ ಕೊಡಬೇಕು? ಹರಕೆ ಹೊತ್ತ ದಿನ ನಿನ್ನ ತೂಕ ಯಾರೂ ನೋಡಿಲ್ಲ. ತೊಂಬತ್ತೊಂದೋ, ಎಂಬತ್ತನಾಲ್ಕೋ? ಸೀರೆ, ಬಳೆ ಹಿಡಿದೋ, ಕಳೆದೋ? ಕಡಿಮೆ ಕೊಟ್ಟರೆ ಮೋಸ. ಕೊಡುವವರೆಗೆ ನೀನು ಇಳಿಯಬಾರದು ಎಂದರೆ ನಿನ್ನ ಕಾಲು. ಅತ್ತ ದರಿ, ಇತ್ತ ಹುಲಿ.

ಭಾವನವರಿಗೆ ಮಾತ್ರ ಹೇಳಬೇಡ. ಕೈ ಮುಗಿಯುತ್ತೇನೆ.

ಲಲಿತಾ


ಹುಮನಾಬಾದ
೧೧ ಫೆಬ್ರುವರಿ ೨೦೨೫

ಅಕ್ಕಾ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಜನವರಿಯಲ್ಲಿ ಬರೆದ ಆ ಕಾಗದವನ್ನು ಒಲೆಗೆ ಹಾಕು. ನಿನ್ನ ಕಾಗದ ಓದಿ ನಗುವೂ ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ನಾನು ರೊಟ್ಟಿ ಬಿಟ್ಟು ಇಳಿಸಿದ್ದನ್ನೆಲ್ಲ ನೀನು ಹಣಮಪ್ಪನ ಹೆಸರಿಗೆ ಬರೆದೆಯಲ್ಲ. ನನ್ನ ಹಸಿವಿಗೆ ಬೆಲೆಯೇ ಇಲ್ಲವೇ?

ಈಗ ಎರಡನೇ ತಪ್ಪು. ಮುಚ್ಚಿಟ್ಟರೆ ಹರಕೆ ಎಂದಿಗೂ ತೀರದು ಎಂದು ಇವತ್ತು ಬೆಳಿಗ್ಗೆ ಭಾವನವರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ನೀನು ಹಾಲು ತರಲು ಹೋಗಿದ್ದೆಯಂತೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. "ಹೂಂ" ಎಂದರು. "ಫೋನ್ ಇಡ್ತೇನಿ" ಎಂದರು. ಇಟ್ಟರು. ಇದರ ಅರ್ಥ ಏನು? ನೀನು ಅವರ ಜೊತೆ ಮೂವತ್ತು ವರ್ಷ ಬಾಳಿದವಳು, ನೀನೇ ಹೇಳು.

ಹೊಡೆಯುವಷ್ಟು ಸಿಟ್ಟು ಬಂದಿರಬೇಕು ನಿನಗೆ. ಬಾ, ಬೆನ್ನು ಕೊಡುತ್ತೇನೆ.

ಜಗು


ಬಸವಕಲ್ಯಾಣ
೨೦ ಫೆಬ್ರುವರಿ ೨೦೨೫

ಜಗು,

ಅರ್ಥ ನನಗೂ ಆಗಲಿಲ್ಲ. ಐದು ದಿನ ಅವರು ಉಪ್ಪು ಬೇಕು, ನೀರು ಬೇಕು ಎಂಬುದನ್ನು ಬಿಟ್ಟು ಮಾತೇ ಆಡಲಿಲ್ಲ. ನಾನು ತವರಿಗೆ ಹೋಗುವ ಸೀರೆ ಸಹ ತೆಗೆದಿಟ್ಟಿದ್ದೆ. ಆರನೇ ದಿನ ಪೂಜೆ ಮುಗಿಸಿ ಕರೆದರು.

"ಹರಕಿ ಹೊತ್ತಿದ್ದು ತಪ್ಪು" ಎಂದರು. "ಹೌದ್ರಿ" ಎಂದೆ. "ಹೊತ್ತು ಒಂದು ವರ್ಷ ಮುಚ್ಚಿಟ್ಟಿದ್ದು ಇನ್ನೂ ದೊಡ್ಡ ತಪ್ಪು. ಆಡಿದ ಮಾತು ಮಾತೇ. ತೂಕ ಎಷ್ಟು?" ಎಂದರು. ನನಗೆ ತಿಳಿದದ್ದು ತೊಂಬತ್ತೊಂದು ಎಂದೆ. "ಮತ್ತ ತೊಂಬತ್ತೊಂದೇ ಕೊಡು. ಕಡಿಮಿ ಆಯ್ತೋ ಹೆಚ್ಚಾಯ್ತೋ ಅಂತ ಸಾಯೋತನ ಅಳಕೋತ ಕೂಡಬ್ಯಾಡ. ನಾ ಗುಡಿಯೊಳಗ ಬರಂಗಿಲ್ಲ" ಎಂದರು.

ಮಾರ್ಚ್ ಹದಿನೈದು, ಶನಿವಾರ. ನೀನು ಇಳಿಸುವುದನ್ನು ಇಳಿಸು. ಇನ್ನು ಹೋಳಿಗೆ ಕಳಿಸುವುದಿಲ್ಲ. ಹುಸೇನನಿಗೆ ಹೇಳಿ ಅಂಗಡಿಯ ಅಟ್ಟದ ಮೇಲಿರುವ ಹಳೆಯ ದೊಡ್ಡ ತಕ್ಕಡಿ ತರಿಸು. ಬಾರದಾನ ಕಳೆಯಬೇಡ ಎಂದೂ ಹೇಳು.

ಲಲಿತಾ


ಕಲಬುರಗಿ
೧೮ ಮಾರ್ಚ್ ೨೦೨೫

ಅಕ್ಕಾ,

ಆಸ್ಪತ್ರೆಯ ಮಂಚದ ಮೇಲಿಂದ ಬರೆಯುತ್ತಿದ್ದೇನೆ. ಇಲ್ಲಿಯ ಕಾಟಾದಲ್ಲಿ ಎಪ್ಪತ್ತೊಂಬತ್ತೂವರೆ. ಡಾಕ್ಟರು ಬೆನ್ನು ತಟ್ಟಿದರು. ನಾಡಿದ್ದು ಗುರುವಾರ ಬೆಳಿಗ್ಗೆ ಆಪರೇಶನ್. ನಮ್ಮ ಮನೆಯವರು ಇವತ್ತು ಬಟ್ಟೆ ತರಲು ಊರಿಗೆ ಹೋಗುತ್ತಾರೆ, ಅವರೇ ಇದನ್ನು ನಿನ್ನ ಕೈಗೆ ಮುಟ್ಟಿಸುತ್ತಾರೆ.

ಒಂದು ಮಾತು ತಲೆಯಲ್ಲಿ ಹೊಕ್ಕು ಕೂತಿದೆ. ಶನಿವಾರ ಗುಡಿಯ ಮುಂದಿನ ಬೇವಿನ ಮರಕ್ಕೆ ತಕ್ಕಡಿ ಕಟ್ಟಿದರು. ಒಂದು ಹಲಗೆಯ ಮೇಲೆ ನಾನು, ಹಣಮಪ್ಪನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ. ಇನ್ನೊಂದರ ಮೇಲೆ ಬೆಲ್ಲ: ಹತ್ತು ಹತ್ತು ಕಿಲೋದ ಒಂಬತ್ತು ಪೆಂಟಿ, ಒಂದು ಕಿಲೋ ಮೇಲೆ. ನಾನೇ ಎಣಿಸಿದ್ದೆ. ಹುಸೇನ ಹಲಗೆಯ ಕೆಳಗಿನ ಆಸರೆ ಕಟ್ಟಿಗೆ ತೆಗೆದ ಕೂಡಲೇ ನಾನು ಜರ್ ಎಂದು ಮೇಲೆ ಹೋದೆ. ಸಹಜ, ನಾನು ಎಂಬತ್ತು, ಅದು ತೊಂಬತ್ತೊಂದು. ಆಮೇಲೆ ಮೆಲ್ಲಗೆ ಕೆಳಗೆ ಬಂದೆ. ಪೂಜಾರಿ, "ಸಮ ಆಯ್ತು, ಸಮ ಆಯ್ತು" ಎಂದ. ಎಲ್ಲರೂ ಗಂಟೆ ಬಾರಿಸಿದರು.

ಹೇಗೆ ಸಮ ಆಯಿತು? ನನ್ನ ಕಡೆ ಹನ್ನೊಂದು ಕಿಲೋ ಎಲ್ಲಿಂದ ಬಂತು? ಯಾರಾದರೂ ಒಂದು ಪೆಂಟಿ ಕೆಳಗಿಳಿಸಿದರೇನು? ಇಳಿಸಿದ್ದರೆ ಹರಕೆ ಪೂರ್ತಿ ಮುಟ್ಟಿಲ್ಲ. ನಗಬೇಡ ಅಕ್ಕಾ. ನಿನ್ನನ್ನು ನೋಡಿ ನಕ್ಕವಳು ನಾನೇ, ಆದರೆ ಇಲ್ಲಿ ಬಿಳಿ ಗೋಡೆ ನೋಡುತ್ತಾ ಮಲಗಿದರೆ ನಿನ್ನ ಹೆದರಿಕೆ ನನಗೂ ಹತ್ತಿದೆ. ಬಾಕಿ ಇಟ್ಟುಕೊಂಡು ಒಳಗೆ ಹೋಗಲಾರೆ. ಏನು ನಡೆಯಿತೋ ಖರೆ ಬರೆ.

ಜಗು


ಬಸವಕಲ್ಯಾಣ
೧೯ ಮಾರ್ಚ್ ೨೦೨೫

ನನ್ನ ಜಗು,

ಒಂದು ತುಣುಕು ಬೆಲ್ಲವನ್ನೂ ಯಾರೂ ಇಳಿಸಲಿಲ್ಲ. ತೊಂಬತ್ತೊಂದೂ ಹಣಮಪ್ಪನಿಗೇ ಮುಟ್ಟಿತು. ಸಂಜೆ ನಾನೇ ನಿಂತು ಊರವರಿಗೆ ಹಂಚಿಸಿದೆ.

ನೀನು ಕಣ್ಣು ಮುಚ್ಚಿದ್ದೆ, ಅದಕ್ಕೆ ನೋಡಲಿಲ್ಲ; ಜನರ ಗದ್ದಲದಲ್ಲಿ ನಮ್ಮ ಮಾತೂ ಕೇಳಿಸಿರಲಿಕ್ಕಿಲ್ಲ. ನೀನು ಮೇಲೆ ಹೋದಾಗ ಜನ ಗುಜುಗುಜು ಮಾಡಿದರು. "ಸಮ ಆಗವಲ್ದು, ಒಂದು ಪೆಂಟಿ ತೆಗೀರಿ" ಎಂದ ಪೂಜಾರಿ. ನಾನು ಬ್ಯಾಡ್ರಿ ಎಂದೆ. "ಸಮ ಆಗದ ಹರಕಿ ಹ್ಯಾಂಗ ಮುಟ್ತದ?" ಎಂದ. ಗುಡಿಯೊಳಗೆ ಬರುವುದಿಲ್ಲ ಎಂದವರು ದೂರ ರಸ್ತೆಯ ಮೇಲೆ, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರಲ್ಲ, ನಿನ್ನ ಭಾವನವರು, ಅವರು ಚಪ್ಪಲಿ ಬಿಟ್ಟು ಬಂದರು. ನಿನ್ನ ಹಿಂದೆ ನಿಂತು ಎರಡೂ ಕೈ ಹಲಗೆಯ ಮೇಲೆ ಊರಿ ಒತ್ತಿದರು. ಸಮ ಆಗುವವರೆಗೆ ಒತ್ತಿ ಹಿಡಿದರು, ಗಂಟೆ ನಿಲ್ಲುವವರೆಗೂ ಬಿಡಲಿಲ್ಲ. ಹುಸೇನ ಮೆಲ್ಲಗೆ, "ಸಾಹೇಬ್ರ, ಇದು ಬಾರದಾನ ಆಯ್ತಲ್ರಿ" ಎಂದ. "ಹೂಂ, ಬಾರದಾನ. ಕಳೀಬ್ಯಾಡ" ಎಂದರು.

ಮನೆಗೆ ಬಂದು ಕೇಳಿದೆ, ನಂಬದವರು ಯಾಕೆ ಒತ್ತಿದಿರಿ ಎಂದು. ಪೇಪರಿನಿಂದ ತಲೆ ಎತ್ತಲಿಲ್ಲ. "ನಂಬಿಗಿ ನಂದಲ್ಲ, ತಂಗಿ ನಿಂದು. ಅಕಿಗೇನರೆ ಆಗಿದ್ರ ನಾ ನಿನ್ನ ಮುಖ ಹ್ಯಾಂಗ ನೋಡ್ಲಿ?" ಎಂದರು. ಪುಟ ತಿರುವಿ, "ನನಗೂ ಅಂಜಿಕಿ ಬಂತು" ಎಂದರು. ಇದು ಸರಿಯೋ ತಪ್ಪೋ, ಹೀಗೆ ಮುಟ್ಟಿದ್ದು ಹರಕೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ನನಗೆ ಈಗಲೂ ತಿಳಿಯದು. ಆದರೆ ಆವತ್ತಿನಿಂದ ನನಗೆ ಹೆದರಿಕೆ ಇಲ್ಲ. ನೀನೂ ಹೆದರಬೇಡ. ಧೈರ್ಯವಾಗಿ ಒಳಗೆ ಹೋಗು.

ಈ ಕಾಗದ ತರುವವಳು ಗಯಾಬಾಯಿ ಅಲ್ಲ. ನಿನ್ನ ಭಾವನವರೇ ಇವತ್ತಿನ ಬಸ್ಸಿಗೆ ಹೊರಟಿದ್ದಾರೆ, ನಾನು ನಾಳೆ ನಸುಕಿಗೆ ಬರುತ್ತೇನೆ. ಇದನ್ನೆಲ್ಲ ಬರೆದಿದ್ದೇನೆಂದು ಅವರಿಗೆ ಹೇಳಬೇಡ. ಬಲಗೈ ಮಣಿಕಟ್ಟು ಇನ್ನೂ ಬಾತಿದೆ, ನನಗೆ ತೋರಿಸಲೊಲ್ಲರು. ಅಲ್ಲಿ ಆಸ್ಪತ್ರೆಯಲ್ಲೇ ಇದ್ದೀಯಲ್ಲ, ಹೇಗಾದರೂ ಮಾಡಿ ಡಾಕ್ಟರಿಗೆ ತೋರಿಸು.

ನಿನ್ನ ಅಕ್ಕ
ಲಲಿತಾ